ಹಳೆಯ ಅಂಬಾಸಡರ್ ಕಾರು ಕೊಳ್ಳುವ ಸದಸ್ಯರಿಗೆ ತಿಳಿವಳಿಕೆ



ಸಂತೆಯಲ್ಲಿ ಹಸು ಕೊಳ್ಳುವಾಗ ನಿಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಮಾರುವವನು ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತಂದಿರಬಹುದೆಂಬ ಗುಮಾನಿಯಿಂದ ಎರಡು ಹೊತ್ತು ಕರೆದು ನೋಡಿದ ಮೇಲೆಯೇ ಹಣ ಎಣಿಸುತ್ತೀರಿ. ಇಷ್ಟು ಜಾಣತನವಿರುವವರೂ ಹಳೆಯ ಕಾರು ಕೊಳ್ಳಲು ಹೋದಾಗ ಹೊಸ ಬಣ್ಣಕ್ಕೆ, ಹೊಳೆಯುವ ಬಂಪರಿಗೆ ಮರುಳಾಗಿ ಅಲ್ಲಿಯೇ ಮುಂಗಡ ಕೊಟ್ಟು ಬರುವುದುಂಟು. ಹಸುವಿಗೆ ಹಾಕುವ ಪರೀಕ್ಷೆಯನ್ನೇ ಕಾರಿಗೂ ಹಾಕಿದರೆ ಮೋಸ ಹೋಗುವ ಪ್ರಸಂಗ ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ದಿನವೂ ದುಡಿಯುವ ಗಾಡಿಯ ವಿಷಯವಲ್ಲ. ಮನೆಮಂದಿಯೆಲ್ಲ ಕೂತು ಜಾತ್ರೆಗೆ, ನೆಂಟರ ಮನೆಗೆ, ದೇವಸ್ಥಾನಕ್ಕೆ ಹೋಗಿಬರಲು, ಓಡಿಸುವ ಖುಷಿಗಾಗಿ ಒಂದು ಹಳೆಯ ಅಂಬಾಸಡರ್ ಇಟ್ಟುಕೊಳ್ಳಬೇಕೆಂಬ ಆಸೆಯ ವಿಷಯ. ಆಸೆ ತಪ್ಪಲ್ಲ. ಆದರೆ ಖುಷಿಗೆ ತಂದ ಕಾರು ಹಸುವಿನ ಹಿಂಡಿಯ ಹಣವನ್ನು ತಿನ್ನುವಂತಾಗಬಾರದು. ಅದಕ್ಕಾಗಿ ಒಂದು ಮಾತನ್ನು ನೆನಪಿನಲ್ಲಿಡಿ: ಮೊದಲು ಮೈ ಮತ್ತು ಕಾಗದ ಪತ್ರ, ಆಮೇಲೆ ಎಂಜಿನ್, ಕೊನೆಗೆ ಬಣ್ಣ.

ಅಂಬಾಸಡರ್ ಎಂದರೆ ಎಂತಹ ಕಾರು?

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದನ್ನು ತಯಾರಿಸುತ್ತಿತ್ತು. 1950ರ ದಶಕದ ಕೊನೆಯಲ್ಲಿ ಶುರುವಾದ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. 2017ರಲ್ಲಿ ಅಂಬಾಸಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಅಂದರೆ ಈಗ ನಿಮಗೆ ಸಿಗುವ ಪ್ರತಿಯೊಂದು ಅಂಬಾಸಡರ್ ಹಳೆಯದೇ. ಅದಕ್ಕೆ ಕಂಪನಿಯ ಶೋರೂಮು, ಗ್ಯಾರಂಟಿ ಯಾವುದೂ ಇಲ್ಲ.

ಎತ್ತರದ ಸೀಟು, ಹಿಂದೆ ಮೂವರು ಆರಾಮವಾಗಿ ಕೂರುವ ಜಾಗ, ಹಳ್ಳಿಯ ಗುಂಡಿ ರಸ್ತೆಯನ್ನು ನುಂಗಿಕೊಂಡು ಹೋಗುವ ಸಸ್ಪೆನ್ಷನ್, ಬಾನೆಟ್ ಎತ್ತಿದರೆ ಕೈಗೆ ಸಿಗುವ ಸರಳ ಎಂಜಿನ್, ಇವು ಇದರ ಗುಣಗಳು. ಸ್ಟಿಯರಿಂಗ್ ಭಾರ, ಬ್ರೇಕ್ ನಿಧಾನ, ಪೆಟ್ರೋಲ್ ಖರ್ಚು ಹೆಚ್ಚು, ಇವು ದೋಷಗಳು. ಎರಡನ್ನೂ ಒಪ್ಪಿಕೊಂಡವರಿಗೆ ಮಾತ್ರ ಇದು ಸರಿಹೋಗುತ್ತದೆ.

ಯಾವುದನ್ನು ಆರಿಸಬೇಕು?

ಹಳೆಯ ಪೆಟ್ರೋಲ್ ಗಾಡಿಗಳಲ್ಲಿ 1489 ಸಿಸಿ ಎಂಜಿನ್ ಇರುತ್ತದೆ. ಇದರ ಶಕ್ತಿ ಕಡಿಮೆಯಾದರೂ ರಿಪೇರಿ ಸುಲಭ. 1990ರ ದಶಕದಲ್ಲಿ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಎಂಜಿನ್, ಐದು ಗೇರುಗಳೊಂದಿಗೆ ಬಂತು. ಹೆದ್ದಾರಿಯಲ್ಲಿ ಓಡಿಸಬೇಕೆನ್ನುವವರಿಗೆ ಇದು ಉತ್ತಮ. ಹಳೆಯ 1489 ಸಿಸಿ ಡೀಸೆಲ್ ಎಂಜಿನ್ ಗಟ್ಟಿಮುಟ್ಟು, ಆದರೆ ಸದ್ದು ಹೆಚ್ಚು, ಏರಿನಲ್ಲಿ ಬಹಳ ನಿಧಾನ. ಖುಷಿಗಾಗಿ ಓಡಿಸುವವರು ಪೆಟ್ರೋಲ್ ಗಾಡಿಯನ್ನೇ ನೋಡುವುದು ಲೇಸು.

ಒಮ್ಮೆ ಹಳದಿ ಬೋರ್ಡಿನ ಟ್ಯಾಕ್ಸಿಯಾಗಿ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾದ ಗಾಡಿಯಾದರೆ ಹೆಚ್ಚು ದುಡಿದಿರುತ್ತದೆ ಎಂದು ತಿಳಿದು ಬೆಲೆ ಕಟ್ಟಿ. ಸರ್ಕಾರಿ ಕಚೇರಿಯ ಹಳೆಯ ಗಾಡಿ ಎಂದು ಯಾರಾದರೂ ತೋರಿಸಿದರೆ ಎಚ್ಚರವಿರಲಿ. ಸರ್ಕಾರದ ಒಡೆತನದಲ್ಲಿರುವ 15 ವರ್ಷ ಮೀರಿದ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವುದಿಲ್ಲ. ಅವು ಗುಜರಿಗೆ ಹೋಗಬೇಕು. ಖಾಸಗಿಯವರ ಹೆಸರಿಗೆ ಕಾನೂನುಬದ್ಧವಾಗಿ ಬಂದಿದೆಯೇ ಎಂಬುದನ್ನು ಆರ್.ಸಿ.ಯಲ್ಲಿ ನೋಡದೆ ಮಾತುಕತೆಗೆ ಕೂರಬೇಡಿ.

ಮೊದಲು ಮೈ ನೋಡಿ

ಎಂಜಿನ್ ಕೆಟ್ಟರೆ ಬಿಚ್ಚಿ ಬೋರ್ ಮಾಡಿಸಿ, ಪಿಸ್ಟನ್, ರಿಂಗು ಹಾಕಿಸಿ ಸರಿಪಡಿಸಬಹುದು. ಅದರ ಖರ್ಚಿಗೆ ಒಂದು ಮಿತಿ ಇದೆ. ತುಕ್ಕಿಗೆ ಮಿತಿ ಇಲ್ಲ. ಅಂಬಾಸಡರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಕೆಳಗಿನ ತಗಡು ತಿಂದುಹೋದರೆ ಗಾಡಿಯ ಬೆನ್ನುಮೂಳೆಯೇ ಹೋದಂತೆ. ಆದ್ದರಿಂದ ಈ ಜಾಗಗಳನ್ನು ತಪ್ಪದೆ ನೋಡಬೇಕು:

1. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪಟ್ಟಿ. ಇದನ್ನು ಬೆರಳಿನಿಂದ ತಟ್ಟಿ ನೋಡಿ. ಗಟ್ಟಿ ತಗಡಿನ ಸದ್ದು ಬೇರೆ, ಪುಟ್ಟಿ ತುಂಬಿದ ಜಾಗದ ಮಂದ ಸದ್ದು ಬೇರೆ.

2. ಒಳಗಿನ ನೆಲ. ಮ್ಯಾಟು, ಕಾರ್ಪೆಟ್ ಎತ್ತಿಸಿ ನೋಡಿ. ಎತ್ತಲು ಮಾರುವವರು ಹಿಂದೆಮುಂದೆ ನೋಡಿದರೆ ಅಲ್ಲಿ ಏನೋ ಇದೆಯೆಂದೇ ಅರ್ಥ.

3. ಡಿಕ್ಕಿಯ ನೆಲ ಮತ್ತು ಸ್ಟೆಪ್ನಿ ಇಡುವ ಜಾಗ. ರಬ್ಬರ್ ಬೀಡಿಂಗ್ ಹಾಳಾಗಿದ್ದರೆ ಮಳೆನೀರು ಇಲ್ಲಿಯೇ ನಿಲ್ಲುತ್ತದೆ.

4. ಹಿಂದಿನ ಪಟ್ಟಾ ಸ್ಪ್ರಿಂಗುಗಳು ಮೈಗೆ ಸೇರುವ ಜಾಗ ಮತ್ತು ಜಾಕ್ ಕೊಡುವ ಜಾಗ. ಇಲ್ಲಿ ತುಕ್ಕು ಹಿಡಿದು ತೂತಾಗಿದ್ದರೆ ಆ ಗಾಡಿಯನ್ನು ಬಿಟ್ಟುಬಿಡಿ.

5. ಚಕ್ರದ ಮೇಲಿನ ಕಮಾನುಗಳು, ಹೆಡ್‌ಲೈಟಿನ ಸುತ್ತಮುತ್ತ, ಮುಂದಿನ ಗಾಜಿನ ಕೆಳಭಾಗ.

ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡು ಹೋಗಿ. ತಗಡಿರುವ ಕಡೆ ಅದು ಅಂಟುತ್ತದೆ. ಪುಟ್ಟಿ ದಪ್ಪವಾಗಿ ಬಳಿದಿರುವ ಕಡೆ ಜಾರಿ ಬೀಳುತ್ತದೆ. ಹಾಲಿಗೆ ಲ್ಯಾಕ್ಟೋಮೀಟರ್ ಇದ್ದಂತೆ ಮೈಗೆ ಇದು. ಮಾರಾಟಕ್ಕೆಂದೇ ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗಿಂತ, ಬಣ್ಣ ಮಾಸಿದರೂ ಮೈ ಗಟ್ಟಿ ಇರುವ ಗಾಡಿ ಮೇಲು. ಸಾಧ್ಯವಿದ್ದರೆ ಸರ್ವಿಸ್ ಸ್ಟೇಷನ್ನಿಗೆ ಒಯ್ದು ಮೇಲಕ್ಕೆತ್ತಿಸಿ ಅಡಿಯಿಂದ ನೋಡಿ. ಗೊತ್ತಿರುವ ಟಿಂಕರಿಂಗ್ ಕೆಲಸದವರನ್ನು ಜೊತೆಗೆ ಕರೆದೊಯ್ದರೆ ಅವರಿಗೆ ಕೊಡುವ ಒಂದು ದಿನದ ಕೂಲಿ ದಂಡವಾಗುವುದಿಲ್ಲ.

ತಣ್ಣಗಿರುವ ಎಂಜಿನ್ ಚಾಲೂ ಮಾಡಿಸಿ

ಕೆಚ್ಚಲು ತುಂಬಿಸಿ ತಂದ ಹಸುವಿನಂತೆಯೇ ಮೊದಲೇ ಬಿಸಿ ಮಾಡಿಟ್ಟ ಎಂಜಿನ್. ಬಿಸಿ ಎಂಜಿನ್ ಕೆಟ್ಟದ್ದಿದ್ದರೂ ಸಲೀಸಾಗಿ ಚಾಲೂ ಆಗುತ್ತದೆ. ಆದ್ದರಿಂದ ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ ನೋಡಿ, ತಣ್ಣಗಿದ್ದರೆ ಮಾತ್ರ ಮುಂದುವರಿಯಿರಿ.

ಚಾಲೂ ಮಾಡುವ ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿ. ಎಣ್ಣೆ ಕಪ್ಪಗಿದ್ದರೆ ಬದಲಾಯಿಸಬಹುದು. ಹಾಲು ಬೆರೆಸಿದ ಕಾಫಿಯಂತೆ ಬಿಳಿಚಿಕೊಂಡಿದ್ದರೆ ಎಣ್ಣೆಗೆ ನೀರು ಸೇರಿದೆ ಎಂದು ತಿಳಿಯಿರಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರುಕು ಬಿಟ್ಟಿರಲೂಬಹುದು. ರೇಡಿಯೇಟರಿನ ಮುಚ್ಚಳ ತೆಗೆದು, ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ. ಇದನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ಮಾಡಬೇಕು.

ಚಾಲೂ ಆದ ಮೇಲೆ ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆಯಾದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಕಾರ್ಬುರೇಟರ್ ಸರಿಪಡಿಸಿದರೆ ಹೋಗಬಹುದು. ಚಳಿಯ ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದರೆ ನೀರು ಒಳಗೆ ಹೋಗುತ್ತಿದೆ. ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ಬುಸುಬುಸು ಬಂದರೆ ರಿಂಗುಗಳು ಸವೆದಿವೆ.

ನಂತರ ನೀವೇ ಓಡಿಸಿ. ಕನಿಷ್ಠ 10 ಕಿಲೋಮೀಟರ್, ಅದರಲ್ಲಿ ಒಂದು ಏರು ಇರಲಿ. ಗೇರು ತಾನಾಗಿ ಜಾರಿ ನ್ಯೂಟ್ರಲ್ ಆಗುತ್ತದೆಯೇ, ಕ್ಲಚ್ ಜಾರುತ್ತದೆಯೇ, ಬ್ರೇಕ್ ಒತ್ತಿದಾಗ ಗಾಡಿ ಒಂದೇ ಕಡೆ ಎಳೆಯುತ್ತದೆಯೇ, ಸ್ಟಿಯರಿಂಗ್ ತಿರುಗಿಸಿದರೂ ಚಕ್ರ ತಿರುಗದ ಆಟ ಎಷ್ಟಿದೆ ಎಂಬುದನ್ನು ಗಮನಿಸಿ. ನಿಲ್ಲಿಸಿದ ಮೇಲೆ ಐದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿಸಿ, ಗಾಡಿಯ ಕೆಳಗೆ ಏನು ಸೋರಿದೆ ನೋಡಿ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೀರು ಚೆನ್ನಾಗಿದ್ದರೂ ಬಹಳ ಹಳೆಯ ಟೈರನ್ನು ನಂಬಬೇಡಿ.

ಕಾಗದ ಪತ್ರ: ಇಲ್ಲಿಯೇ ಹೆಚ್ಚು ಜನ ಸಿಕ್ಕಿಬೀಳುವುದು

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ಆರ್.ಟಿ.ಓ. ಕಚೇರಿಯಲ್ಲಿ ಫಾರಂ 25ರಲ್ಲಿ ಅರ್ಜಿ ಕೊಟ್ಟು, ಗಾಡಿ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್ 1ರಿಂದ ಕಾರಿಗೆ ರೂ. 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳಿಗೆ ರೂ. 10,000ಕ್ಕೆ ಏರಿಸಲಾಯಿತು. ಜೊತೆಗೆ ನಮ್ಮ ರಾಜ್ಯದಲ್ಲಿ ಹಸಿರು ತೆರಿಗೆಯೂ ಇದೆ. ನವೀಕರಣ ತಪ್ಪಿದ್ದರೆ ತಡವಾದ ತಿಂಗಳುಗಳಿಗೆ ಹೆಚ್ಚುವರಿ ಶುಲ್ಕ ಸೇರುತ್ತಾ ಹೋಗುತ್ತದೆ. ಆದ್ದರಿಂದ ನೋಂದಣಿ ಎಲ್ಲಿಯವರೆಗೆ ಊರ್ಜಿತದಲ್ಲಿದೆ ಎಂದು ಮೊದಲು ನೋಡಿ. ಮುಗಿದಿದ್ದರೆ ಮಾರುವವರೇ ನವೀಕರಿಸಿ ಕೊಡಲಿ, ಇಲ್ಲವೇ ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಲಿ. ಶುಲ್ಕಗಳು ಬದಲಾಗುತ್ತಿರುವುದರಿಂದ ಅಂದಿನ ದರವನ್ನು ಕಚೇರಿಯಲ್ಲಿಯೇ ವಿಚಾರಿಸಿ.

ಆರ್.ಸಿ.ಯಲ್ಲಿರುವ ಎಂಜಿನ್ ನಂಬರ್ ಮತ್ತು ಚಾಸಿ ನಂಬರನ್ನು ಗಾಡಿಯ ಮೇಲೆ ಕೆತ್ತಿರುವ ನಂಬರಿನೊಂದಿಗೆ ಒಂದೊಂದೇ ಅಕ್ಷರ ಹೋಲಿಸಿ. ಹಳೆಯ ಗಾಡಿಗಳಲ್ಲಿ ಎಂಜಿನ್ ಬದಲಾಯಿಸಿ, ಆರ್.ಸಿ.ಯಲ್ಲಿ ಸೇರಿಸದೆ ಬಿಟ್ಟಿರುವುದುಂಟು. ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿರುವುದೂ ಉಂಟು. ಇಂತಹದ್ದು ನವೀಕರಣದ ದಿನ ಇನ್ಸ್‌ಪೆಕ್ಟರ ಮುಂದೆ ಹೊರಬಿದ್ದರೆ ತೊಂದರೆ ನಿಮಗೆ, ಮಾರಿದವರಿಗಲ್ಲ. ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನವರ ಹೆಸರಿದ್ದರೆ, ಸಾಲ ತೀರಿದ ಪತ್ರ ಮತ್ತು ಫಾರಂ 35 ತರಿಸಿ ಅದನ್ನು ತೆಗೆಸಬೇಕು. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಗಾಡಿಗಳಿಗೂ ಅತಿ ಸುರಕ್ಷಿತ ನಂಬರ್ ಪ್ಲೇಟು ಕಡ್ಡಾಯ. ಅದೂ ಇದೆಯೇ ನೋಡಿ.

ಹೆಸರು ಬದಲಾವಣೆಗೆ ಫಾರಂ 29 ಮತ್ತು ಫಾರಂ 30 ಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. "ಖಾಲಿ ಫಾರಂಗೆ ಸಹಿ ಹಾಕಿ ಕೊಡುತ್ತೇನೆ, ಯಾವಾಗ ಬೇಕಾದರೂ ಮಾಡಿಸಿಕೊಳ್ಳಿ" ಎಂಬ ಮಾತಿಗೆ ಒಪ್ಪಬೇಡಿ. ಆರ್.ಸಿ.ಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವವರ ಮೇಲೆಯೇ ಬೀಳುತ್ತದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ನಾಳೆ ನೀವೇ ಆ ಗಾಡಿಯನ್ನು ಮತ್ತೊಬ್ಬರಿಗೆ ಮಾರುವಾಗಲೂ ಇದು ನೆನಪಿರಲಿ. ಮನೆ, ಜಮೀನು ಜಪ್ತಿಗೆ ಬರುವಷ್ಟು ದೊಡ್ಡ ಮೊತ್ತದ ಹೊಣೆ ಇದು.

ಹೊರ ರಾಜ್ಯದ ಗಾಡಿ ಅಗ್ಗವಾಗಿ ಕಾಣಬಹುದು. ಆದರೆ ಅದಕ್ಕೆ ಅಲ್ಲಿನ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28, ತರಬೇಕು. ಇಲ್ಲಿ ಆಜೀವ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಈ ಎಲ್ಲ ಖರ್ಚು, ಓಡಾಟ ಸೇರಿಸಿ ಲೆಕ್ಕ ಹಾಕಿದರೆ ಆ ಅಗ್ಗ ಉಳಿಯುವುದಿಲ್ಲ.

50 ವರ್ಷ ಮೀರಿದ ಗಾಡಿಗಳಿಗೆ 2021ರಿಂದ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಇದೆ. ಅದು ಗೌರವದ ಮಾತೆಂದು ಅದಕ್ಕೆ ಹೋಗಬೇಡಿ. ಅಂತಹ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಓಡಿಸಬೇಕೆನ್ನುವವರಿಗೆ ಸಾಮಾನ್ಯ ನೋಂದಣಿಯೇ ಸರಿ.

ವಿಮೆ

ಮೂರನೆಯವರ ವಿಮೆ ಇಲ್ಲದೆ ಗಾಡಿ ರಸ್ತೆಗೆ ಬರಬಾರದು. 2022ರಲ್ಲಿ ನಿಗದಿಯಾದ ದರದಂತೆ 1000ದಿಂದ 1500 ಸಿಸಿ ವರೆಗಿನ ಕಾರಿಗೆ ವರ್ಷಕ್ಕೆ ರೂ. 3,416, ಅದಕ್ಕೂ ಮೇಲಿನದಕ್ಕೆ ರೂ. 7,897, ತೆರಿಗೆ ಬೇರೆ. ಅಂದರೆ 1489 ಸಿಸಿ ಗಾಡಿಗೂ 1817 ಸಿಸಿ ಗಾಡಿಗೂ ಎರಡು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ. ಗಾಡಿ ಕೊಂಡ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಬಿಳಿ ಅಂಬಾಸಡರ್ ಮನೆ ಮುಂದೆ ನಿಂತರೆ ಮದುವೆ ಮೆರವಣಿಗೆಗೆ ಬಾಡಿಗೆಗೆ ಕೇಳುವವರು ಬಂದೇ ಬರುತ್ತಾರೆ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಆ ಸಮಯದಲ್ಲಿ ಅಪಘಾತವಾದರೆ ವಿಮಾ ಕಂಪನಿ ಕೈಯೆತ್ತಲು ಅದೇ ಕಾರಣವಾಗುತ್ತದೆ. ನೆಂಟರ ಮದುವೆಗೆ ನೀವೇ ಓಡಿಸಿಕೊಂಡು ಹೋಗಿ, ಹಣ ಮುಟ್ಟಬೇಡಿ.

ಈಗಿನ ಪೆಟ್ರೋಲ್, ಹಳೆಯ ಎಂಜಿನ್

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸಿರುತ್ತದೆ. ಅಂಬಾಸಡರ್ ತಯಾರಾದ ಕಾಲದ ರಬ್ಬರು ಇದಕ್ಕೆ ಹೇಳಿ ಮಾಡಿಸಿದ್ದಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಊದಿಕೊಂಡು ಬಿರುಕು ಬಿಡುತ್ತವೆ. ಎಥನಾಲ್ ಗಾಳಿಯ ತೇವವನ್ನೂ ಹೀರುವುದರಿಂದ ಬಹಳ ದಿನ ನಿಂತ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಗಾಡಿ ತಂದ ಕೂಡಲೇ ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ಪೈಪಿಗೆ ಬದಲಾಯಿಸಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯ ಅಪಾಯವಿದೆ. ಆದ್ದರಿಂದ ಇದನ್ನು ಮುಂದೂಡಬಾರದು.

ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದ ಫೆಬ್ರವರಿ 1ರಿಂದ ನಿಂತಿತು. ಅದಕ್ಕೂ ಹಿಂದಿನ ಎಂಜಿನ್ನುಗಳಲ್ಲಿ ವಾಲ್ವು ಕೂರುವ ಜಾಗಕ್ಕೆ ಸೀಸವೇ ರಕ್ಷಣೆಯಾಗಿತ್ತು. ಆದ್ದರಿಂದ ಟ್ಯಾಪೆಟ್ ಗ್ಯಾಪನ್ನು ಆಗಾಗ ನೋಡಿಸಿ, ಎಂಜಿನ್ ಕಿರುಚುವಂತೆ ಓಡಿಸಬೇಡಿ.

ಹಾಲಿನ ಲೆಕ್ಕದಲ್ಲಿ ಕಾರಿನ ಖರ್ಚು

ಅಂಬಾಸಡರ್ ಪೆಟ್ರೋಲ್ ಗಾಡಿ ಲೀಟರಿಗೆ 8ರಿಂದ 10 ಕಿಲೋಮೀಟರ್ ಕೊಟ್ಟರೆ ಸಮಾಧಾನಪಟ್ಟುಕೊಳ್ಳಬೇಕು. ತಾಲ್ಲೂಕು ಕೇಂದ್ರಕ್ಕೆ ಹೋಗಿಬರಲು 40 ಕಿಲೋಮೀಟರ್ ಎಂದುಕೊಳ್ಳಿ. ಪೆಟ್ರೋಲ್ 4ರಿಂದ 5 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ 400ರಿಂದ 500 ರೂಪಾಯಿ. ನಿಮಗೆ ಹಾಲಿಗೆ ಲೀಟರಿಗೆ 35 ರೂಪಾಯಿ ಬರುತ್ತದೆ ಎಂದುಕೊಂಡರೆ ಒಂದು ಸಲ ಹೋಗಿಬರಲು 11ರಿಂದ 14 ಲೀಟರ್ ಹಾಲು ಬೇಕಾಯಿತು. ತಿಂಗಳಿಗೆ ಎರಡು ಸಲವಾದರೆ ಭಾರವಾಗುವುದಿಲ್ಲ. ದಿನವೂ ಹೋದರೆ ಒಂದು ಒಳ್ಳೆಯ ಹಸುವಿನ ಹಾಲೆಲ್ಲ ಅದಕ್ಕೇ ಬೇಕು.

ಕೈಯಲ್ಲಿರುವ ಹಣವನ್ನೆಲ್ಲ ಕೊಳ್ಳುವುದಕ್ಕೇ ಸುರಿಯಬೇಡಿ. ಮೂರು ಪಾಲು ಮಾಡಿ, ಎರಡು ಪಾಲಿನಲ್ಲಿ ಗಾಡಿ ಕೊಂಡು, ಒಂದು ಪಾಲನ್ನು ಮೊದಲ ವರ್ಷದ ಬ್ರೇಕು, ಟೈರು, ಬ್ಯಾಟರಿ, ಪೈಪುಗಳಿಗೆ ಇಟ್ಟುಕೊಳ್ಳಿ. ಕರೆಯುವ ಹಸು ಮಾರಿ ಕಾರು ತರುವ ಯೋಚನೆ ಬೇಡವೇ ಬೇಡ. ಹಸುವಿಗೆಂದು ಪಡೆದ ಸಾಲದ ಹಣವನ್ನಂತೂ ಇದಕ್ಕೆ ಮುಟ್ಟಬಾರದು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಎಂಜಿನ್, ಬ್ರೇಕಿನ ಸಾಮಾನಿಗಿಂತ ಗಾಜು, ಬಾಗಿಲಿನ ಹಿಡಿ, ಬೀಡಿಂಗು ಹುಡುಕುವುದೇ ಕಷ್ಟ. ಆದ್ದರಿಂದ ಇವೆಲ್ಲ ಪೂರ್ತಿಯಾಗಿರುವ ಗಾಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎಲ್ಲಿ ನಿಲ್ಲಿಸಬೇಕು, ಹೇಗೆ ಓಡಿಸಬೇಕು

ಜಾಗವಿದೆಯೆಂದು ಕಾರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಬೇಡಿ. ಗಂಜಲದಿಂದ ಏಳುವ ಅಮೋನಿಯಾ ಮತ್ತು ತೇವ ಎರಡೂ ಸೇರಿ ತಗಡು, ವಯರಿನ ತುದಿ, ಹಿತ್ತಾಳೆಯ ರೇಡಿಯೇಟರ್ ಎಲ್ಲವನ್ನೂ ತಿನ್ನುತ್ತವೆ. ಹುಲ್ಲಿನ ಬಣವೆಯ ಪಕ್ಕವೂ ಬೇಡ. ಅಲ್ಲಿ ಇಲಿ ವಯರು ಕಡಿಯುತ್ತದೆ, ಬಿಸಿ ಸೈಲೆನ್ಸರಿನಿಂದ ಬೆಂಕಿಯ ಭಯವೂ ಇದೆ. ಗಾಳಿಯಾಡುವ, ನೆಲ ಒಣಗಿರುವ ಬೇರೆ ಚಪ್ಪರ ಹಾಕಿಸಿ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತೇ ಇರುವ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆ.

ಹಳೆಯ ಅಂಬಾಸಡರುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಗಾಡಿಯ ತೂಕ ಸಾವಿರ ಕಿಲೋ ಮೀರಿದ್ದು. ಏರ್‌ಬ್ಯಾಗ್ ಇಲ್ಲ, ಬಹಳ ಹಳೆಯದರಲ್ಲಿ ಸೀಟ್ ಬೆಲ್ಟೂ ಇಲ್ಲ. ಬೆಲ್ಟುಗಳನ್ನು ಗಟ್ಟಿ ಜಾಗಕ್ಕೆ ಭದ್ರವಾಗಿ ಹಾಕಿಸಿಕೊಳ್ಳಿ. ಹೊಸ ಕಾರು ತಟ್ಟನೆ ನಿಲ್ಲುವ ಜಾಗದಲ್ಲಿ ಇದು ನಿಲ್ಲುವುದಿಲ್ಲವಾದ್ದರಿಂದ ಮುಂದಿನ ಗಾಡಿಗೂ ನಿಮಗೂ ನಡುವೆ ಹೆಚ್ಚು ಅಂತರವಿರಲಿ. ಗಂಟೆಗೆ 50-60 ಕಿಲೋಮೀಟರಿನ ಓಟವೇ ಇದಕ್ಕೆ ಹಿತ. ಮಕ್ಕಳು ಹಿಂದಿನ ಸೀಟಿನಲ್ಲಿ, ಹಿರಿಯರು ಮುಂದಿನ ಸೀಟಿನಲ್ಲಿ, ಕಿಟಕಿಯ ಗಾಜು ಇಳಿಸಿಕೊಂಡು ಊರ ದಾರಿಯಲ್ಲಿ ನಿಧಾನವಾಗಿ ಹೋಗುವುದೇ ಈ ಕಾರಿನ ಸುಖ. ಅವಸರವಿರುವವರು ಬಸ್ಸು ಹಿಡಿಯುವುದು ಒಳ್ಳೆಯದು.

ಒಂದೇ ದಿನ ನೋಡಿ ಅದೇ ದಿನ ಕೊಳ್ಳಬೇಡಿ. "ಇನ್ನೊಬ್ಬರು ಮುಂಗಡ ಹಿಡಿದುಕೊಂಡು ಕಾದಿದ್ದಾರೆ" ಎಂದರೆ ಅವರೇ ಕೊಳ್ಳಲಿ ಎಂದು ಎದ್ದು ಬನ್ನಿ. ಮೂರು ನಾಲ್ಕು ಗಾಡಿ ನೋಡಿ, ಮೈ ಗಟ್ಟಿ, ಕಾಗದ ಪತ್ರ ಸರಿ ಇರುವ ಒಂದನ್ನು ಮನೆಯವರೊಂದಿಗೆ ಕೂತು ಯೋಚಿಸಿ ತನ್ನಿ. ಹಾಗೆ ತಂದ ಕಾರು ಬಹಳ ವರ್ಷ ನಿಮ್ಮ ಅಂಗಳದಲ್ಲಿರುತ್ತದೆ. ಹಾಲಿನ ಬಟವಾಡೆಯ ಹಣವೂ ಹಿಂಡಿಗೆ, ಮನೆಗೆ ಉಳಿಯುತ್ತದೆ.